ಕಡತಪ್ಪನ ಕಾರು ಮತ್ತು ನಲವತ್ತೇಳನೇ ಟೋಕನ್ನು

ನಮ್ಮ ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಇಪ್ಪತ್ತೆರಡು ವರ್ಷದಿಂದ ಹಳೆಯ ಕಡತಗಳ ನಡುವೆ ಕೂತದ್ದಕ್ಕೆ ನಾವು ಅವರನ್ನು ಕಡತಪ್ಪ ಎಂದು ಕರೆದೆವು, ಅವರೂ ಓಗೊಟ್ಟರು. ಯಾವ ಕಡತ ಕೇಳಿದರೂ ಅವರ ಉತ್ತರ ಒಂದೇ: "ಇದೆ. ಸಿಗಬೇಕು ಅಷ್ಟೆ." ಈ ಮಾತಿನಲ್ಲಿ ಸುಳ್ಳೆಂಬುದು ಇಲ್ಲವಾದ್ದರಿಂದ ಇಷ್ಟು ವರ್ಷವೂ ಯಾರಿಗೂ ಅವರ ಮೇಲೆ ಕ್ರಮ ಕೈಗೊಳ್ಳಲು ಆಗಲಿಲ್ಲ.

ನಾನು ಮೂರನೇ ಕೌಂಟರಿನವನು. ಕಚೇರಿಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ನಡೆದದ್ದನ್ನು ಕಡತಪ್ಪನವರು ಒಂದು ಥರ ಹೇಳಿದರು, ಅವರ ಹೆಂಡತಿ ಇನ್ನೊಂದು ಥರ ಹೇಳಿದರು. ಎರಡನ್ನೂ ಕಲಸಿ, ತಳದಲ್ಲಿ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಎಲ್ಲದಕ್ಕೂ ಮೂಲ ಕಡತಪ್ಪನವರ ಭಾವಮೈದ, ಅಂದರೆ ಹೆಂಡತಿಯ ತಮ್ಮ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಎಂಟು ತಿಂಗಳ ಹಿಂದೆ ಒಂದೇ ಒಂದು ಚೀಲ ಹಿಡಿದು ಬಂದಿದ್ದ. ಐದನೇ ದಿನ ಅವನ ಕಂಪ್ಯೂಟರ್ ಬಂತು. ಆರನೇ ದಿನ ಅದಕ್ಕೆ ತಕ್ಕ ಮೇಜು ಬಂತು. ಏಳನೇ ದಿನ ಬಂದ ಕುರ್ಚಿ ಎಂಥದ್ದೆಂದರೆ ಯಾವುದೋ ವಿಮಾನದಿಂದ ಕಿತ್ತು ತಂದ ಹಾಗಿತ್ತು. ಇವೆಲ್ಲ ಹಿಡಿಸುವ ಕೋಣೆ ಆ ಮನೆಯಲ್ಲಿ ಒಂದೇ ಇತ್ತು. ಬೀದಿ ಕಡೆ ಕಿಟಕಿ ಇರುವ ಮುಂದಿನ ಕೋಣೆ. ಕಡತಪ್ಪನವರು ರಜೆಯ ಮಧ್ಯಾಹ್ನ ರೇಡಿಯೊ ಹಚ್ಚಿಕೊಂಡು ಉರುಳುತ್ತಿದ್ದ ಮಂಚವೂ ಅಲ್ಲೇ ಇತ್ತು. ಈಗ ಮಂಚ ಅಡುಗೆಮನೆಗೆ ಹೋಗುವ ಓಣಿಯಲ್ಲಿದೆ. ಅದರ ಮೇಲೆ ಮಲಗಿದರೆ ತಲೆ ಚಪ್ಪಲಿ ಗೂಡಿನ ಪಕ್ಕ, ಪಾದ ಅಡುಗೆಮನೆಯ ಹೊಸ್ತಿಲ ಮೇಲೆ. ಪಾತ್ರೆ ಹಿಡಿದು ಬರುವವರು ಕಾಲು ಸರಿಸಿ ಎನ್ನುತ್ತಾರೆ, ಚಪ್ಪಲಿ ಹುಡುಕುವವರು ತಲೆ ಸರಿಸಿ ಎನ್ನುತ್ತಾರೆ. ಹೀಗೆ ಎಂಟು ತಿಂಗಳು ಕಳೆಯಿತು.

ಭಾವಮೈದನಿಗೆ ದೂರದ ಊರಿನ ಗೋದಾಮೊಂದರಲ್ಲಿ ಕೆಲಸ ಕಾದಿತ್ತು. ಸೇರಲು ಬೇಕಾದದ್ದು ಜನನ ದಾಖಲೆಯ ಒಂದು ನಕಲು. ಅದು ಸಿಗುವುದು ನಮ್ಮ ಕಚೇರಿಯಲ್ಲೇ. ಅವನೇ ಬಂದು ಟೋಕನ್ ತೆಗೆದುಕೊಂಡು ಕೂತು ಅರ್ಜಿ ಕೊಡಬೇಕು, ಅಷ್ಟೇ ಕೆಲಸ. "ನಾಳೆ ಬರ್ತೀನಿ ಭಾವ" ಎಂದು ಅವನು ದಿನಾ ಹೇಳುತ್ತಿದ್ದ, ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ತಮ್ಮನನ್ನು ಹೊರಡು ಎನ್ನುವ ಧೈರ್ಯ ಅಕ್ಕನಿಗಿಲ್ಲ. ಹಾಗೆನ್ನು ಎಂದು ಹೆಂಡತಿಗೆ ಹೇಳುವ ಧೈರ್ಯ ಕಡತಪ್ಪನವರಿಗಿಲ್ಲ. ಅವರು ಮಾಡುತ್ತಿದ್ದದ್ದು ಒಂದೇ, ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುವುದು.

ಒಂದು ಭಾನುವಾರ ಮಧ್ಯಾಹ್ನ ಮೇಲಿನ ಮನೆಯ ದರ್ಜಿ ಇಸ್ತ್ರಿ ಪೆಟ್ಟಿಗೆ ಕೇಳಲು ಬಂದವನು ಭಾವಮೈದನ ಕಾರಿನ ಆಟ ನೋಡುತ್ತ ನಿಂತುಬಿಟ್ಟ. ಪರದೆಯ ಮೇಲೆ ಕೆಂಪು ಕಾರು ತಿರುವಿನಲ್ಲಿ ಕಿರ್ರನೆ ಹೊರಳುತ್ತಿತ್ತು. ದರ್ಜಿ ಬೆರಗಾಗಿ, ಇಂಥದ್ದು ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲೂ ಓಡುತ್ತದೆಯೇ ಎಂದು ಕಡತಪ್ಪನವರನ್ನು ಕೇಳಿದ. ಅವರು ಬಾಯಿ ತೆರೆಯುವ ಮೊದಲೇ ಭಾವಮೈದ, ಭಾವನ ಕಂಪ್ಯೂಟರಿನಲ್ಲಿ ಕಾರಲ್ಲ, ಗಡಿಯಾರ ಓಡಿದರೂ ದೊಡ್ಡದು ಎಂದ. ದರ್ಜಿ ನಕ್ಕ. ಅಡುಗೆಮನೆಯಿಂದಲೂ ಒಂದು ನಗು ಕೇಳಿಸಿತು. ಮನುಷ್ಯ ಎಂಟು ತಿಂಗಳು ಚಪ್ಪಲಿ ಗೂಡಿನ ವಾಸನೆ ಸಹಿಸಬಹುದು, ಹೆಂಡತಿ ಕಾಣದ ಕಡೆಯಿಂದ ನಕ್ಕದ್ದನ್ನು ಸಹಿಸುವುದು ಕಷ್ಟ.

"ಕಂಪ್ಯೂಟರ್ ಹಳೇದಾದ್ರೆ ಏನಪ್ಪ, ಓಡ್ಸೋನು ಹೊಸಬ ಆಗಿರ್ಬಾರ್ದು" ಎಂದುಬಿಟ್ಟರು ಕಡತಪ್ಪನವರು. ತಾವು ಊಟದ ವಿರಾಮದಲ್ಲಿ ಇದೇ ಆಟ ಆಡುವುದಾಗಿಯೂ, ಆ ತಿರುವು ತಮಗೆ ಎಡಗೈ ಕೆಲಸವೆಂದೂ ಸೇರಿಸಿದರು. ಅವರು ಅಲ್ಲಿಯವರೆಗೆ ಕಾರಿರಲಿ, ಸೈಕಲ್ಲನ್ನೂ ನೆಟ್ಟಗೆ ಓಡಿಸಿದವರಲ್ಲ.

ದರ್ಜಿಯ ಎದುರಿಗೇ ಪಂದ್ಯ ಗೊತ್ತಾಯಿತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಭಾವ ಆಫೀಸಿನ ಕಂಪ್ಯೂಟರಿನಿಂದ, ಭಾವಮೈದ ಮನೆಯಿಂದ, ಇಂಟರ್ನೆಟ್ಟಿನ ಮೇಲೆ, ಹನ್ನೆರಡು ಸುತ್ತು. ಭಾವ ಗೆದ್ದರೆ ಭಾವಮೈದ ಅಂದೇ ಅರ್ಜಿ ಹಾಕಿ, ನಕಲು ಕೈಗೆ ಬಂದ ದಿನ ಕೋಣೆ ಬಿಟ್ಟು ಗೋದಾಮಿನ ಊರಿಗೆ ಹೊರಡಬೇಕು. ಸೋತರೆ ಕೋಣೆ ಕಾಯಂ ಅವನದು. "ಆಮೇಲೆ ಬಾಗಿಲ ಹತ್ರ ನಿಂತು ಉಸಿರು ಬಿಡೋದು ನಿಲ್ಲಿಸ್ಬೇಕು ಭಾವ" ಎಂಬ ಷರತ್ತನ್ನೂ ಹಾಕಿ, ಆಟವನ್ನು ಪೆನ್ ಡ್ರೈವಿಗೆ ತುಂಬಿ ತನ್ನ ಕೈಯಾರೆ ಅವರ ಜೇಬಿಗೆ ಹಾಕಿದ. ಗುರುವಾರ ನಮ್ಮ ಸಾಹೇಬರು ಮೇಲಿನ ಕಚೇರಿಯ ಮೀಟಿಂಗಿಗೆ ಹೋಗುವ ದಿನ. ದಿನ ಆರಿಸುವಲ್ಲಿ ಮಾತ್ರ ಕಡತಪ್ಪನವರು ಬುದ್ಧಿ ಓಡಿಸಿದ್ದರು.

ಇನ್ನು ರೆಕಾರ್ಡ್ ರೂಮಿನ ಆ ಕಂಪ್ಯೂಟರಿನ ವಿಷಯ. ನಮ್ಮ ಕಚೇರಿಗೆ ಬಂದ ಮೊದಲ ಕಂಪ್ಯೂಟರ್ ಅದು. ಸಾಹೇಬರ ಕೋಣೆಯಲ್ಲಿ ಹುಟ್ಟಿ, ಹೆಡ್ ಗುಮಾಸ್ತೆಯ ಮೇಜಿನಲ್ಲಿ ಬೆಳೆದು, ಐದೂ ಕೌಂಟರಿನಲ್ಲಿ ಬೈಸಿಕೊಂಡು, ಕೊನೆಗೆ ದೂರು ಕೊಡದ ಮನುಷ್ಯನ ಪಾಲಿಗೆ ಬಂದಿತ್ತು. ಒತ್ತಿದರೆ ಎದ್ದೇಳಲು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಬೇಕು. ಸೋಮವಾರ ಅದರಲ್ಲಿ ಆಟ ಹಾಕಿ ನೋಡಿದರು. ಕಾರು ಕಾಣಿಸಿತು. ಅದು ಓಡಲಿಲ್ಲ, ಒಂದೊಂದೇ ಫೋಟೊ ತೆಗೆಸಿಕೊಳ್ಳುತ್ತ ಮುಂದೆ ಹೋಯಿತು. ಎಡಕ್ಕೆ ಎಂದು ಒತ್ತಿದರೆ ನಾಲ್ಕು ಉಸಿರಾದ ಮೇಲೆ ಎಡಕ್ಕೆ ತಿರುಗುತ್ತಿತ್ತು, ಅಷ್ಟರಲ್ಲಿ ರಸ್ತೆ ಬಲಕ್ಕೆ ತಿರುಗಿರುತ್ತಿತ್ತು.

ಮಂಗಳವಾರ ನಮ್ಮ ಪುಣ್ಯಕ್ಕೋ ಪಾಪಕ್ಕೋ ಕಂಪ್ಯೂಟರ್ ರಿಪೇರಿಯವನು ಬಂದ. ಅವನು ಮುಂದಿನ ವಾರ ಬರ್ತೀನಿ ಎಂದರೆ ಎರಡು ತಿಂಗಳಿಗೆ ಬರುವ ಮನುಷ್ಯ. ಬಂದದ್ದು ಒಂದನೇ ಕೌಂಟರಿನ ಪ್ರಿಂಟರಿಗೆ. ಕಡತಪ್ಪನವರು ಅವನನ್ನು ಚಹಾದ ನೆಪದಲ್ಲಿ ರೆಕಾರ್ಡ್ ರೂಮಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಅವನು ಪೆಟ್ಟಿಗೆ ಬಿಚ್ಚಿ ಫ್ಯಾನಿನಿಂದ ಮೊಲದ ಮರಿಯಷ್ಟು ದಪ್ಪದ ಧೂಳಿನ ಉಂಡೆ ತೆಗೆದ. ಆಮೇಲೆ ಪರದೆಯ ಮೇಲೆ ಒಂದು ಪಟ್ಟಿ ತೆರೆದು ತೋರಿಸಿದ. ಒಳಗೆ ಓಡುತ್ತಿರುವ ಪ್ರೋಗ್ರಾಂಗಳೆಷ್ಟು, ಯಾವುದು ಎಷ್ಟು ಮೆಮೊರಿ ತಿನ್ನುತ್ತಿದೆ, ಎಲ್ಲ ಅಲ್ಲಿತ್ತು.

"ಮಷೀನು ಕೆಟ್ಟಿಲ್ಲ ಸರ್. ಇದರ ತಲೆ ಮೇಲೆ ಕೂತಿರೋರು ಜಾಸ್ತಿ ಆಗಿದಾರೆ" ಎಂದ ರಿಪೇರಿಯವನು.

ಈ ಮಾತು ಕಡತಪ್ಪನವರ ಎದೆಗೆ ನೇರ ನಾಟಿತು. ತಮ್ಮ ಮನೆಯ ಸ್ಥಿತಿಯನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲವೆಂದು ಆಮೇಲೆ ನನ್ನ ಬಳಿ ಕಣ್ಣು ಒದ್ದೆ ಮಾಡಿಕೊಂಡರು. ಕಂಪ್ಯೂಟರ್ ಎದ್ದ ಕೂಡಲೇ ತಾವೂ ಎದ್ದು ಕೂರುವ ಪ್ರೋಗ್ರಾಂಗಳನ್ನು ನಿಲ್ಲಿಸುವುದು ಹೇಗೆ, ಕಿಟಕಿ ತೆರೆಯುವಾಗ ಮುಚ್ಚುವಾಗ ಮಾಡುವ ಬೆಡಗು ಬಿನ್ನಾಣ ತೆಗೆಯುವುದು ಹೇಗೆ, ಬೇಡದ ಕಸದ ಫೈಲುಗಳನ್ನು ಗುಡಿಸುವುದು ಹೇಗೆ, ಆಟದೊಳಗೆ ಮರ, ನೆರಳು, ಮೋಡ ಎಲ್ಲ ಕಡಿಮೆ ಮಾಡುವುದು ಹೇಗೆ ಎಂದು ರಿಪೇರಿಯವನು ತೋರಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಎಚ್ಚರಿಕೆಯನ್ನೂ ಕೊಟ್ಟ. "ಹೆಸರು ಗೊತ್ತಿರೋದನ್ನ ಮಾತ್ರ ತೆಗೀರಿ ಸರ್. ಗೊತ್ತಿಲ್ಲದ್ದನ್ನ ಮುಟ್ಬೇಡಿ." ಆ ಹೊತ್ತಿಗೆ ಕಡತಪ್ಪನವರು ಪಟ್ಟಿಯ ಕಡೆ ತಿರುಗಿ ಕೂತಾಗಿತ್ತು.

ಬುಧವಾರ ಇಡೀ ದಿನ ಅವರು ಕೆಲಸ ಮಾಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅಷ್ಟು ಕೆಲಸ ಮಾಡಿದ ದಿನ ಇನ್ನೊಂದಿಲ್ಲ. ಹೊಸ ವರ್ಷದ ಶುಭಾಶಯ ತೋರಿಸುತ್ತಿದ್ದ ಪ್ರೋಗ್ರಾಂ ಹೋಯಿತು. ಎಂದೋ ಸತ್ತ ಸ್ಕ್ಯಾನರಿನ ಪ್ರೋಗ್ರಾಂ ಹೋಯಿತು. ಹಳೆಯ ಸಾಹೇಬರೊಬ್ಬರು ಬಿಟ್ಟುಹೋದ ಜಾತಕದ ಪ್ರೋಗ್ರಾಂ, ಯಾರದೋ ಮಗಳ ನೃತ್ಯದ ಮುನ್ನೂರು ಫೋಟೊ, ಮೂರು ಬಗೆಯ ಕ್ಯಾಲೆಂಡರು, ಎಲ್ಲ ಹೋದವು. ಆಟದಲ್ಲಿ ಮರಗಳು ಹೋದವು, ಮೋಡ ಹೋಯಿತು, ಕೊನೆಗೆ ರಸ್ತೆ ಬದಿಯ ಜನರೂ ಹೋದರು. ಬೋಳು ರಸ್ತೆಯ ಮೇಲೆ ಬೋಳು ಕಾರು ಸಾಕಷ್ಟು ಓಡತೊಡಗಿತು. ಆದರೆ ನಿಮಿಷಕ್ಕೊಮ್ಮೆ ಬಿಕ್ಕಳಿಸುತ್ತಿತ್ತು.

ಗುರುವಾರ ಹತ್ತೂ ಮುಕ್ಕಾಲಿಗೆ ಅವರು ಆ ಬಿಕ್ಕಳಿಕೆಯ ಮೂಲ ಕಂಡುಹಿಡಿದರು. ಪಟ್ಟಿಯಲ್ಲಿ ಒಂದು ಹೆಸರು ಉಳಿದಿತ್ತು. ಬಾಯಲ್ಲಿ ಹೇಳಲು ಬಾರದ ನಾಲ್ಕಕ್ಷರ. ಅದಕ್ಕೆ ಕಿಟಕಿಯಿಲ್ಲ, ಚಿತ್ರವಿಲ್ಲ, ಅದು ಏನು ಮಾಡುತ್ತದೆಂದು ಯಾರೂ ನೋಡಿಲ್ಲ, ತಿನ್ನುವುದು ಮಾತ್ರ ಎಲ್ಲರಿಗಿಂತ ಹೆಚ್ಚು. ಅದನ್ನು ನೋಡುತ್ತಿದ್ದ ಹಾಗೆ ಕಡತಪ್ಪನವರಿಗೆ ಮನೆಯ ಮುಂದಿನ ಕೋಣೆ ನೆನಪಾಯಿತು. ನಿಲ್ಲಿಸಿದರು. ಐದು ಸೆಕೆಂಡಿಗೆ ಅದು ಮತ್ತೆ ಎದ್ದು ಬಂತು. ಮತ್ತೆ ನಿಲ್ಲಿಸಿದರು, ಮತ್ತೆ ಬಂತು. ಮೂರನೇ ಸಲ ಬಂದಾಗ ಅವರಿಗೆ ತಲೆಗೇರಿತು. ಅದು ಎಲ್ಲಿ ವಾಸವಿದೆಯೋ ಆ ಫೋಲ್ಡರನ್ನೇ ಹುಡುಕಿ, ಇಡಿಯಾಗಿ ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದರು. ಕಾರು ಬೆಣ್ಣೆಯ ಮೇಲೆ ಜಾರಿದ ಹಾಗೆ ಓಡಿತು.

ಅವರು ಅಳಿಸಿದ್ದು ನಮ್ಮ ಕಚೇರಿಯ ಟೋಕನ್ ವ್ಯವಸ್ಥೆಯನ್ನು.

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮಲ್ಲಿ ಬಾಗಿಲ ಬಳಿ ಒಂದು ಯಂತ್ರ ಬಂದವರಿಗೆ ಸಂಖ್ಯೆಯ ಚೀಟಿ ಕೊಡುತ್ತದೆ. ಜನ ಕಾಯುವ ಹಾಲಿನ ಗೋಡೆಯ ಬೋರ್ಡಿನಲ್ಲಿ ಕೆಂಪು ಸಂಖ್ಯೆ ಬರುತ್ತದೆ. ಯಾವುದಾದರೂ ಕೌಂಟರಿನವನು ಗುಂಡಿ ಒತ್ತಿದರೆ ಟಿಂಗ್ ಎಂದು ಮುಂದಿನ ಸಂಖ್ಯೆ. ಈ ಬೋರ್ಡನ್ನು ಓಡಿಸುವ ಪ್ರೋಗ್ರಾಂ ಯಾವುದೋ ಕಾಲದಲ್ಲಿ, ವೈರು ಅಲ್ಲಿಯವರೆಗೆ ಮಾತ್ರ ಮುಟ್ಟಿತೆಂಬ ಕಾರಣಕ್ಕೆ, ರೆಕಾರ್ಡ್ ರೂಮಿನ ಕಂಪ್ಯೂಟರಿಗೆ ಸೇರಿತ್ತು. ಇದು ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ. ಮೂರು ವರ್ಷದ ಹಿಂದೆ ಸರದಿಯ ವಿಷಯಕ್ಕೆ ಇಬ್ಬರು ಹೊಡೆದಾಡಿ ಒಂದು ಕನ್ನಡಕ, ಒಂದು ಹಲ್ಲು ಹೋದಾಗ ಆರು ಅಂಶಗಳ ಒಂದು ಸುತ್ತೋಲೆ ಬಂತು. ಬೋರ್ಡಿನಲ್ಲಿ ಇರುವ ಸಂಖ್ಯೆಯವರನ್ನು ಬಿಟ್ಟು ಬೇರೆ ಯಾರ ಅರ್ಜಿಯನ್ನೂ, ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ ಎಂಬುದು ಮೊದಲ ಅಂಶ. ನಮ್ಮ ಹೆಡ್ ಗುಮಾಸ್ತೆ ಮೇಡಂ ಅದನ್ನು ಪ್ರತಿ ಕೌಂಟರಿಗೂ ಅಂಟಿಸಿದ್ದಾರೆ. ಅವರು ಸುತ್ತೋಲೆ ಕೇಳಿ ಉಸಿರಾಡುವ ಹೆಂಗಸು.

ಆ ಕ್ಷಣ ಬೋರ್ಡಿನಲ್ಲಿ ಇದ್ದದ್ದು ನಲವತ್ತೇಳು. ಎರಡನೇ ಕೌಂಟರಿಗೆ ಒಬ್ಬ ಅಜ್ಜಿ ಹೋಗಿ, ತನ್ನ ಕೆಲಸ ಮುಗಿಸಿಕೊಂಡು, ಚೀಲ ಹೆಗಲಿಗೆ ಹಾಕಿ ಹೊರಟಿದ್ದಳು. ನಾನು ಗುಂಡಿ ಒತ್ತಿದೆ. ಟಿಂಗ್ ಎನ್ನಲಿಲ್ಲ. ತಲೆಯೆತ್ತಿ ನೋಡಿದರೆ ನಲವತ್ತೇಳು. ಸರಿ, ನಲವತ್ತೇಳು ಎಂದು ಕೂಗಿದೆ. ಅಜ್ಜಿ ಬಾಗಿಲಿಂದ ತಿರುಗಿ ಬಂದಳು. ಏನು ಕೆಲಸ ಎಂದು ಕೇಳಿದೆ. ಆಯ್ತಲ್ಲಪ್ಪ ಎಂದಳು. ಮತ್ತೆ ಒತ್ತಿದೆ, ಮತ್ತೆ ನಲವತ್ತೇಳು. ಅಷ್ಟರಲ್ಲಿ ನಾಲ್ಕನೇ ಕೌಂಟರಿನವನೂ ನಲವತ್ತೇಳು ಎಂದು ಕೂಗಿದ. ಅಜ್ಜಿ ಅಲ್ಲಿಗೂ ಹೋದಳು. ಐದನೆಯವನೂ ಕೂಗಿದ. ಹತ್ತು ನಿಮಿಷದಲ್ಲಿ ಆ ಅಜ್ಜಿಯನ್ನು ನಾವು ಐದೂ ಜನ ಸೇರಿ ಒಂಬತ್ತು ಸಲ ಕರೆದಿದ್ದೆವು.

ಟೋಕನ್ ನಲವತ್ತೆಂಟರ ಬಡಗಿ ಎದ್ದುನಿಂತು, ಮುಂದಿನವನು ನಾನೇ ಎಂದ. ಮೇಡಂ ಸುತ್ತೋಲೆಯ ಮೊದಲ ಅಂಶವನ್ನು ಓದಿ ಹೇಳಿದರು. ಬಡಗಿ, ಬೋರ್ಡು ಕೆಟ್ಟಿದೆ ಎಂದ. ಬೋರ್ಡು ಉರಿಯುತ್ತಿದೆಯಲ್ಲ, ಕೆಟ್ಟಿದೆ ಎಂದು ಹೇಗೆ ಹೇಳುತ್ತೀರಿ ಎಂದು ಮೇಡಂ ಕೇಳಿದರು. ಹಾಲಿನಲ್ಲಿ ಅರವತ್ತು ಜನ ಇದ್ದರು. ಗದ್ದಲ ಏಳುತ್ತಿತ್ತು. ಬಡಗಿ ಬಡಪಾಯಿ, ಸುತ್ತಿಗೆ ಇದ್ದಿದ್ದರೆ ಏನು ಮಾಡುತ್ತಿದ್ದನೋ, ಕೈಯಲ್ಲಿ ಇದ್ದದ್ದು ಅರ್ಜಿ ಮಾತ್ರ. ಅದನ್ನು ಅಜ್ಜಿಯ ಕೈಗೆ ತುರುಕಿದ.

"ಅಜ್ಜಿ, ಹೇಗೂ ನಿಮ್ಮನ್ನೇ ಕರೀತಿದಾರೆ. ನಂದೂ ಒಂದು ಕೊಟ್ಟುಬಿಡಿ."

ಅಜ್ಜಿ ಅದನ್ನು ನನ್ನ ಕೌಂಟರಿಗೆ ತಂದಿಟ್ಟಳು. ನಾನು ಮೇಡಂ ಕಡೆ ನೋಡಿದೆ. ಮೇಡಂ ಕನ್ನಡಕ ಒರೆಸಿಕೊಂಡು ಆರೂ ಅಂಶ ಎರಡು ಸಲ ಓದಿದರು. ಒಂದು ಟೋಕನ್ನಿಗೆ ಇಷ್ಟೇ ಅರ್ಜಿ ಎಂದು ಎಲ್ಲೂ ಬರೆದಿರಲಿಲ್ಲ. ತಗೊಳ್ಳಿ ಎಂದರು. ಕಟ್ಟೆ ಒಡೆದದ್ದು ಆಗ. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಅರವತ್ತು ಜನ ಅಜ್ಜಿಯನ್ನು ಮುತ್ತಿದರು.

ಈ ಅಜ್ಜಿ ಸಾಮಾನ್ಯದವಳಲ್ಲ. ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಬಟ್ಟೆ ಒಗೆಯುವ ವಿಭಾಗ ನಡೆಸಿದವಳು. ದಿನಕ್ಕೆ ಸಾವಿರ ಹಾಸುಬಟ್ಟೆ ವಿಂಗಡಿಸಿದ ಕೈ. ಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಕಲು ಬೇಕಾದವರು ಈ ಬೆಂಚು, ವಿಳಾಸ ಬದಲಿಸುವವರು ಆ ಬೆಂಚು, ತಿದ್ದುಪಡಿಯವರು ಗೋಡೆ ಬದಿಗೆ ಎಂದಳು. ಜನ ಕೂತರು. ಅರ್ಜಿ ಒಂದೊಂದೇ ನೋಡಿ, ಸಹಿ ಇಲ್ಲದವನಿಗೆ ಹಾಕಿಸಿದಳು, ಫೋಟೊ ಅಂಟಿಸದವನಿಗೆ ಅಂಟಿಸಿಕೊಂಡು ಬಾ ಎಂದು ಓಡಿಸಿದಳು. ಇದು ನಮಗೆ ದೊಡ್ಡ ಹೊಡೆತವಾಯಿತು. ಅರ್ಜಿಯಲ್ಲಿ ತಪ್ಪು ಹುಡುಕಿ ವಾಪಸು ಕಳಿಸುವುದೇ ನಮ್ಮ ದಿನದ ಮುಕ್ಕಾಲು ಕೆಲಸ. ಅದನ್ನು ಅವಳು ಮಾಡಿ ಮುಗಿಸಿದ್ದರಿಂದ ನಮಗೆ ಬರೀ ಕೆಲಸವೊಂದೇ ಉಳಿಯಿತು.

ಇತ್ತ ರೆಕಾರ್ಡ್ ರೂಮಿನಲ್ಲಿ ಸರಿಯಾಗಿ ಹನ್ನೊಂದಕ್ಕೆ ಪಂದ್ಯ ಶುರುವಾಗಿತ್ತು. ಮೊದಲ ಮೂರು ಸುತ್ತು ಕಡತಪ್ಪನವರು ಪ್ರಾಣ ಕೈಯಲ್ಲಿ ಹಿಡಿದು ಓಡಿಸಿದರು. ಭಾವಮೈದ ಮುಂದಿದ್ದ, ಬಹಳ ಮುಂದೇನಲ್ಲ. ಏಳನೇ ಸುತ್ತಿಗೆ ಅರ್ಧ ಸುತ್ತು ಹಿಂದೆ ಬಿದ್ದಿದ್ದರು. ಆಗ ಅಜ್ಜಿ ಮೂವತ್ತೊಂದು ನಕಲಿನ ಅರ್ಜಿ ಹಿಡಿದು ಒಳಗೆ ಬಂದಳು. ಇವಕ್ಕೆಲ್ಲ ಹಳೆಯ ಕಡತ ಬೇಕೆಂದು ನಾವೇ ಕಳಿಸಿದ್ದೆವು. ಕಡತಪ್ಪನವರು ತಿರುಗದೆಯೇ, ಐದು ಸುತ್ತು ಬಾಕಿಯಿದೆ, ಆಮೇಲೆ ಬನ್ನಿ ಎಂದರು. ಅಜ್ಜಿ ಪರದೆ ನೋಡಿದಳು. ಯಾಕಪ್ಪ ಇಷ್ಟು ಬೆವರ್ತಿದೀಯ ಎಂದಳು. ಮುದುಕಿಯ ದನಿಯಲ್ಲಿ ಏನಿತ್ತೋ, ಅವರು ಗುಂಡಿ ಒತ್ತುತ್ತಲೇ ಮಂಚದ ಕಥೆ, ಚಪ್ಪಲಿ ಗೂಡಿನ ಕಥೆ, ಪಂದ್ಯದ ಕಥೆ ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು.

ಹೇಳಿ ಮುಗಿಯುವುದಕ್ಕೂ ಹೊರಗೆ ಮೇಡಂ ಅವರ ಚಪ್ಪಲಿಯ ಸದ್ದು ಕೇಳುವುದಕ್ಕೂ ಸರಿಹೋಯಿತು. ಆ ಸದ್ದಿಗೆ ನಮ್ಮ ಕಚೇರಿಯಲ್ಲಿ ಗೋಡೆಯ ಹಲ್ಲಿಯೂ ನೆಟ್ಟಗಾಗುತ್ತದೆ. ಕಡತಪ್ಪನವರು ಎದ್ದರೆ ಕಾರು ನಿಲ್ಲುತ್ತದೆ, ಕೂತರೆ ನೌಕರಿ ನಿಲ್ಲುತ್ತದೆ. ಅತ್ತ ದರಿ, ಇತ್ತ ಪುಲಿ.

"ಮೇಲಿನ ಬಾಣದ ಗುಂಡಿ. ಅದೊಂದನ್ನ ಬಿಡ್ಬೇಡಿ ತಾಯಿ" ಎಂದು ಅಜ್ಜಿಯನ್ನು ಕುರ್ಚಿಗೆ ಕೂರಿಸಿ ಏಣಿ ಹತ್ತಿಬಿಟ್ಟರು.

ಮೇಡಂ ಒಳಗೆ ಬಂದಾಗ ಕಂಡದ್ದು ಹೀಗಿತ್ತು. ಏಣಿಯ ತುದಿಯಲ್ಲಿ ಕಡತಪ್ಪ, ಎರಡೂ ಕೈಯಲ್ಲಿ ಕಡತ. ಕಚೇರಿಯ ಕಂಪ್ಯೂಟರಿನ ಮುಂದೆ ಟೋಕನ್ ನಲವತ್ತೇಳು, ಒಂದು ಬೆರಳನ್ನು ಒತ್ತಿ ಹಿಡಿದು, ಮಗುವಿನ ಗಾಯಕ್ಕೆ ಹತ್ತಿ ಒತ್ತಿದವಳ ಹಾಗೆ ಗಂಭೀರವಾಗಿ ಕೂತಿದ್ದಾಳೆ. ಸಾರ್ವಜನಿಕರು ಈ ಕುರ್ಚಿಯಲ್ಲಿ ಕೂರುವುದು ಯಾವ ನಿಯಮದಡಿ ಎಂದು ಮೇಡಂ ಕೇಳಿದರು. ಕೂರಬಾರದು ಎಂದು ಯಾವ ನಿಯಮದಲ್ಲಿದೆ ಎಂದು ಅಜ್ಜಿ ಕಣ್ಣು ಕದಲಿಸದೆ ಕೇಳಿದಳು. ಮೇಡಂ ಸುತ್ತೋಲೆ ತರಲು ಹೋದರು. ಕಡತಪ್ಪನವರು ಮೇಲಿಂದ ನೋಡಿದರು. ಅಜ್ಜಿ ತಿರುವಿನಲ್ಲಿ ತಿರುಗಿಸುತ್ತಿರಲಿಲ್ಲ. ಕಾರು ಗೋಡೆಗೆ ಒರಗಿಕೊಂಡು, ಕಿಡಿ ಹಾರಿಸುತ್ತ, ಗೋಡೆ ತಿರುಗಿದ ಕಡೆ ತಾನೂ ತಿರುಗುತ್ತ ಸುತ್ತು ಹಾಕುತ್ತಿತ್ತು. ನಿಧಾನವಾಗಿ, ಆದರೆ ನಿಲ್ಲದೆ.

ಮನೆಯಲ್ಲಿ ಆಗ ನಡೆದದ್ದನ್ನು ಕಡತಪ್ಪನವರ ಹೆಂಡತಿ ಹೇಳಿದರು. ಭಾವನ ಕಾರು ಗೋಡೆಗೆ ಅಂಟಿದ್ದು ನೋಡಿ ಭಾವಮೈದ ಗಹಗಹಿಸಿ ನಕ್ಕ. ಆ ಕಂಪ್ಯೂಟರ್ ಪ್ರಾಣ ಬಿಡ್ತು ಅಕ್ಕ ಎಂದ. ಒಂದು ಸುತ್ತು ಮುಂದಿದ್ದ, ಕೊನೆಯ ಸುತ್ತಿನಲ್ಲಿ ಗೆರೆ ಎದುರಿಗೇ ಕಾಣುತ್ತಿತ್ತು. ಅವನಿಗೆ ಗೆಲ್ಲುವುದಕ್ಕಿಂತ ಗೆಲ್ಲುವುದನ್ನು ಯಾರಿಗಾದರೂ ತೋರಿಸುವುದು ಮುಖ್ಯ. ಕಾರನ್ನು ಗೆರೆಯ ಮುಂದೆ ನಿಲ್ಲಿಸಿ, ದರ್ಜಿಯನ್ನು ಕರೆತರಲು ಮೆಟ್ಟಿಲ ಕಡೆ ಹೊರಟ. ದಾರಿಯಲ್ಲಿ ಅಕ್ಕ ಸ್ಟೂಲು ಹಿಡಿದು ನಿಂತಿದ್ದರು. ಓಣಿಯ ಬಲ್ಬು ಸುಟ್ಟು ಮೂರು ದಿನವಾಗಿತ್ತು, ಹೇಗೂ ಎದ್ದಿದ್ದೀಯಲ್ಲ ಹಾಕು ಎಂದರು. ಎಂಟು ತಿಂಗಳಲ್ಲಿ ಅವನನ್ನು ಕುರ್ಚಿ ಬಿಟ್ಟು ಎದ್ದವನಾಗಿ ಕಂಡದ್ದು ಅದೇ ಮೊದಲು, ಅವರು ತಾನೆ ಹೇಗೆ ಬಿಟ್ಟಾರು. ಬಲ್ಬು ಹಾಕಿ, ದರ್ಜಿಯನ್ನು ಕರೆದುಕೊಂಡು ಬರುವ ಹೊತ್ತಿಗೆ ಪರದೆಯ ಮೇಲೆ, ಗೋಡೆ ಉಜ್ಜಿ ಉಜ್ಜಿ ಬಣ್ಣ ಕಳೆದುಕೊಂಡ ಕಾರೊಂದು ಗೆರೆ ದಾಟಿ ನಿಂತಿತ್ತು.

ಭಾವಮೈದನ ಬಗ್ಗೆ ಏನೇ ಹೇಳಿ, ಮಾತಿಗೆ ತಪ್ಪುವವನಲ್ಲ. ದರ್ಜಿಯ ಎದುರು ಸೋತಿದ್ದನಲ್ಲ. ಎರಡು ಗಂಟೆಗೆ ಅಂಗಿ ಇಸ್ತ್ರಿ ಮಾಡಿಸಿಕೊಂಡು ನಮ್ಮ ಹಾಲಿಗೆ ಬಂದು, ಯಂತ್ರದಿಂದ ಚೀಟಿ ತೆಗೆದುಕೊಂಡು ಕೂತ. ನೂರ ಮೂವತ್ತೊಂದು. ಬೋರ್ಡಿನಲ್ಲಿ ನಲವತ್ತೇಳು.

ಅಷ್ಟರಲ್ಲಿ ಸಾಹೇಬರು ಮೀಟಿಂಗು ಮುಗಿಸಿ ವಾಪಸಾದರು. ಒಬ್ಬರೇ ಅಲ್ಲ, ಮೇಲಿನ ಅಧಿಕಾರಿಯೂ ಜೊತೆಗಿದ್ದರು. ಇಷ್ಟೂ ಕಚೇರಿಗಳಲ್ಲಿ ಅತಿ ಹಿಂದುಳಿದದ್ದು ಇದೊಂದೇ ಯಾಕೆ ಎಂದು ಕಣ್ಣಾರೆ ನೋಡಲು ಬಂದಿದ್ದರಂತೆ. ಸಾಹೇಬರ ಮುಖ ಒಣಗಿದ ನಿಂಬೆಹಣ್ಣಾಗಿತ್ತು. ಬಾಗಿಲು ತೆರೆದರೆ ಹಾಲಿನಲ್ಲಿ ಪಿಸುಮಾತಿಲ್ಲ. ಜನ ಮೂರು ಬೆಂಚಿನಲ್ಲಿ ಶಿಸ್ತಾಗಿ ಕೂತಿದ್ದಾರೆ. ಒಬ್ಬಳೇ ಒಬ್ಬ ಅಜ್ಜಿ ಕಟ್ಟು ಹಿಡಿದು ಓಡಾಡುತ್ತಿದ್ದಾಳೆ, ಅವಳ ಹಿಂದೆ ಇನ್ನೆರಡು ಕಟ್ಟು ಹೊತ್ತುಕೊಂಡು ಇಸ್ತ್ರಿ ಅಂಗಿಯ ಯುವಕನೊಬ್ಬ. ಗುಮಾಸ್ತರು ತಲೆ ಎತ್ತದೆ ಬರೆಯುತ್ತಿದ್ದಾರೆ. ದಿನಕ್ಕೆ ಅರವತ್ತು ಅರ್ಜಿ ಮುಗಿದರೆ ಹೆಚ್ಚು ಎನ್ನುವ ನಮ್ಮಲ್ಲಿ ಆ ಹೊತ್ತಿಗಾಗಲೇ ನೂರ ಎಂಬತ್ತು ಮುಗಿದಿತ್ತು. ಇದು ಯಾವ ಪದ್ಧತಿ ಎಂದು ಮೇಲಿನ ಅಧಿಕಾರಿ ಕೇಳಿದರು. ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಇಪ್ಪತ್ತು ವರ್ಷ ಅಧಿಕಾರಿಯಾಗಿದ್ದವರು, ತಿಳಿಯದ್ದನ್ನು ತಮ್ಮದೆನ್ನಲು ಅವರಿಗೆ ಅರೆಗಳಿಗೆ ಸಾಕು. ಏಕ ಟೋಕನ್ ಪದ್ಧತಿ, ನಾನೇ ಯೋಚಿಸಿ ಪ್ರಯೋಗಕ್ಕೆ ತಂದದ್ದು ಎಂದರು. ಅಧಿಕಾರಿ ಅವರ ಕೈ ಕುಲುಕಿ, ಇದನ್ನು ಹೀಗೇ ಮುಂದುವರಿಸಿ, ಯಾರೂ ಏನನ್ನೂ ಬದಲಿಸಬೇಡಿ ಎಂದು ಹೇಳಿ ಹೋದರು. ಐದು ನಿಮಿಷದಲ್ಲಿ ಅದು ಸುತ್ತೋಲೆಯಾಗಿ ಕೌಂಟರಿಗೆ ಅಂಟಿತು.

ಇಸ್ತ್ರಿ ಅಂಗಿಯ ಯುವಕ ಯಾರೆಂದು ಹೇಳಬೇಕಾಗಿಲ್ಲ. ಸುಮ್ಮನೆ ಕೂತಿದ್ದವನನ್ನು ನೋಡಿ ಅಜ್ಜಿ, ಗಟ್ಟಿಮುಟ್ಟಾಗಿದ್ದೀಯ, ಹಿಡಿ ಇದನ್ನ ಎಂದಿದ್ದಳು. ಅವನಿಗೆ ಹೀಗೆ ಯಾರೂ ಹೇಳಿರಲಿಲ್ಲವೆಂದು ತೋರುತ್ತದೆ, ಎದ್ದ. ಅರ್ಧ ಗಂಟೆಗೆಲ್ಲ ಬೆಂಚಿನ ಜನ ಅವನನ್ನು ಸಾರ್ ಎನ್ನುತ್ತಿದ್ದರು.

ಕಡತಪ್ಪನವರಿಗೆ ಇದಾವುದರ ಮೇಲೂ ಕಣ್ಣಿರಲಿಲ್ಲ. ಅವರು ಭಾವಮೈದನ ಜನನ ದಾಖಲೆ ಹುಡುಕುತ್ತಿದ್ದರು. ಹನ್ನೆರಡು ನಿಮಿಷದಲ್ಲಿ ಹುಡುಕಿ ತೆಗೆದರು. ನಮ್ಮ ಕಚೇರಿಯ ಇತಿಹಾಸದಲ್ಲೇ ಇದು ದಾಖಲೆ. ಧೂಳು ಕೊಡವಿ, ಎದೆಗೊತ್ತಿಕೊಂಡು ನನ್ನ ಕೌಂಟರಿಗೆ ತಂದಿಟ್ಟು, ಅರ್ಜಿ ಬಂದ ಕೂಡಲೇ ನಕಲು ಬರೆದುಕೊಡಿ ಎಂದು ಕೈ ಮುಗಿದರು. ಆ ದಿನ ಸಂಜೆ ಮನೆಗೆ ಹೋಗಿ ಮಂಚವನ್ನು ಮುಂದಿನ ಕೋಣೆಯ ಬಾಗಿಲವರೆಗೆ ತಳ್ಳಿದರಂತೆ. ಎರಡು ಕಾಲು ಒಳಗೆ, ಎರಡು ಕಾಲು ಹೊರಗೆ. ಉಳಿದದ್ದನ್ನು ಅವನು ಹೊರಟ ದಿನ ತಳ್ಳಿದರಾಯಿತು ಎಂದುಕೊಂಡು, ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದರು.

ಆದರೆ ಅಂದು ಐದು ಗಂಟೆಗೆ ಕಚೇರಿ ಮುಚ್ಚುವಾಗ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ಅಜ್ಜಿ ಬೆಂಚಿನ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತ, ಸಾಕಪ್ಪ, ನಾಳೆಯಿಂದ ನಾನು ಬರುವುದಿಲ್ಲ ಎಂದಳು. ಸಾಹೇಬರು ಗಾಬರಿಯಾದರು. ಮೇಡಂ ಹಳೆಯ ಸುತ್ತೋಲೆಯ ನಾಲ್ಕನೇ ಅಂಶ ಓದಿದರು: ಟೋಕನ್ ಚೀಟಿ ಯಾರ ಕೈಯಲ್ಲಿದೆಯೋ ಅವರೇ ಆ ಸಂಖ್ಯೆಯವರು. ಅಜ್ಜಿ ಸೊಂಟದಿಂದ ಚೀಟಿ ತೆಗೆದು ಸುತ್ತ ನೋಡಿದಳು. ಇಡೀ ಮಧ್ಯಾಹ್ನ ತನ್ನ ಹಿಂದೆ ಕಟ್ಟು ಹೊತ್ತವನ ಕೈಗೆ ಇಟ್ಟು, ಸರಿಯಾಗಿ ವಿಂಗಡಿಸು ಎಂದು ತಲೆ ಮುಟ್ಟಿ ಹೊರಟುಹೋದಳು.

ಮರುದಿನ ಹತ್ತಕ್ಕೆ ಭಾವಮೈದ ತನ್ನ ವಿಮಾನದ ಕುರ್ಚಿಯ ಸಮೇತ ಹಾಲಿಗೆ ಬಂದ. ಸಾಹೇಬರು ಬಾಗಿಲಿಗೇ ಹೋಗಿ ಬರಮಾಡಿಕೊಂಡರು. ಅವನು ಅಜ್ಜಿಗಿಂತ ಚುರುಕು. ಮಂಗಳವಾರದ ಹೊತ್ತಿಗೆ ಬೆಂಚುಗಳಿಗೆ ಬಣ್ಣ ಬಣ್ಣದ ಚೀಟಿ ಅಂಟಿಸಿದ್ದ. ಜನ ಪಕ್ಕದ ಊರುಗಳಿಂದಲೂ ಬರತೊಡಗಿದರು. ಗೋದಾಮಿನವರು ಫೋನು ಮಾಡಿದರೆ, ಸದ್ಯ ಸಾರ್ವಜನಿಕ ಸೇವೆಯಲ್ಲಿದ್ದೇನೆ ಎಂದನಂತೆ. ಅವನ ಅಕ್ಕ ಬೀದಿಗೆಲ್ಲ ಹೇಳಿಕೊಂಡು ಬಂದರು. ಆಫೀಸಿಗೆ ಹೋಗುವವನಿಗೆ ಗಾಳಿ ಬೆಳಕು ಬೇಕೆಂದು ಮಂಚವನ್ನು ಓಣಿಗೆ ಮತ್ತೆ ತಳ್ಳಿದರು.

ಕಡತಪ್ಪನವರು ಸಾಹೇಬರ ಕೋಣೆಗೆ ಹೋಗಿ ನಿಜ ಒಪ್ಪಿಕೊಂಡರು. ತಾನು ಆಟಕ್ಕಾಗಿ ಪ್ರೋಗ್ರಾಂ ಅಳಿಸಿದ್ದಾಗಿ, ರಿಪೇರಿಯವನನ್ನು ಕರೆಸಿ ಬೋರ್ಡು ಸರಿಮಾಡಿಸಬೇಕಾಗಿ, ಬೇಕಾದರೆ ತನಗೆ ಶಿಕ್ಷೆ ಕೊಡಬೇಕಾಗಿ ಬೇಡಿಕೊಂಡರು. ಸಾಹೇಬರು ಎದ್ದು ಬಾಗಿಲು ಹಾಕಿ ಬಂದು, ಇನ್ನೊಂದು ಸಲ ಈ ಮಾತು ಬಾಯಿಂದ ಬಂದರೆ ಶಿಕ್ಷೆ ಖಂಡಿತ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಹೊರಗೆ ಬರುವಾಗ ಕಡತಪ್ಪನವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ತನ್ನ ಕಾಲ ಮೇಲೆ ತಾನೇ ಚಪ್ಪಡಿ ಎಳೆದುಕೊಂಡವನಿಗೆ ಚಪ್ಪಡಿ ಎತ್ತುವ ಅನುಮತಿಯೂ ಸಿಗದ ಹಾಗಾಗಿತ್ತು.

ಅಂದು ಮಧ್ಯಾಹ್ನ ಕಡತ ಕೇಳಲು ನಾನು ರೆಕಾರ್ಡ್ ರೂಮಿಗೆ ಹೋಗಿದ್ದೆ. ಭಾವಮೈದನೂ ಅಲ್ಲಿದ್ದ. ಐವತ್ತಾರು ಅರ್ಜಿಗಳ ಕಟ್ಟನ್ನು ಕಡತಪ್ಪನವರ ಮೇಜಿನ ಮೇಲಿಟ್ಟು, ನಾಲ್ಕು ಗಂಟೆಯೊಳಗೆ ಎಲ್ಲದರ ಕಡತ ಬೇಕು ಭಾವ ಎಂದ. ಕಡತಪ್ಪನವರು ಕಟ್ಟನ್ನು ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ, ಒಂದೊಂದೇ ಮಗುಚಿ, ಐವತ್ತಾರನ್ನೂ ನೋಡಿದರು. ಮತ್ತೆ ಮೊದಲಿಂದ ನೋಡಿದರು.

"ನಿನ್ ಅರ್ಜಿ ಎಲ್ಲಪ್ಪ ಇದ್ರಲ್ಲಿ?" ಎಂದು ಕೇಳಿದರು.

ಭಾವಮೈದ ಅಂಗಿಯ ಜೇಬನ್ನು ಮೆಲ್ಲಗೆ ತಟ್ಟಿ ತೋರಿಸಿದ. ಅದರೊಳಗೆ, ಸಹಿಯಾಗಿ, ಫೋಟೊ ಅಂಟಿಸಿಕೊಂಡು, ನಾಲ್ಕು ಮಡಿಕೆಯಾಗಿ ಅರ್ಜಿ ಇತ್ತು.

"ಇದೆ ಭಾವ, ಎಲ್ಲಿಗ್ ಹೋಗತ್ತೆ. ಹೊರಗಡೆ ಅಷ್ಟೊಂದ್ ಜನ ಕಾಯ್ತಿರ್ಬೇಕಾದ್ರೆ ನನ್ನದನ್ನೇ ಮೊದಲು ಕೊಟ್ಕೊಂಡ್ರೆ ಏನು ಚಂದ? ಅವರದ್ದೆಲ್ಲ ಮುಗೀಲಿ. ಕೊನೇಲಿ ನಂದು."